ಕಂಬಕ್ಕೆ ಬರೆದ ‘ನಾಳೆ ಬಾ’

ಅಮೆರಿಕದ ಟೆನ್ನೆಸ್ಸೀ ರಾಜ್ಯದ ರಾಜಧಾನಿ ನ್ಯಾಶ್‌ವಿಲ್‌ಗೆ ಗೂಗಲ್ ಫೈಬರ್ ಬರಲಿದೆ ಎಂದು ಘೋಷಣೆಯಾದದ್ದು 2015ರ ಜನವರಿಯಲ್ಲಿ. ಸೆಕೆಂಡಿಗೆ ಒಂದು ಗಿಗಾಬಿಟ್ ವೇಗದ ಇಂಟರ್ನೆಟ್ ಮನೆ ಬಾಗಿಲಿಗೆ ಬರುವುದೆಂದರೆ ಆ ಕಾಲಕ್ಕೆ ಸಣ್ಣ ಮಾತಾಗಿರಲಿಲ್ಲ. ಊರಿಡೀ ಕೇಬಲ್ ಎಳೆಯಲು ಕಂಪನಿಗೆ ಸುಮಾರು 88,000 ಕಂಬಗಳು ಬೇಕಿದ್ದವು. ಅವುಗಳಲ್ಲಿ 44,000ಕ್ಕೂ ಹೆಚ್ಚು ಕಂಬಗಳ ಮೇಲೆ, ಮೊದಲೇ ಇದ್ದ ತಂತಿಗಳನ್ನು ಒಂದಿಷ್ಟು ಅತ್ತಿತ್ತ ಸರಿಸದೆ ಹೊಸ ಕೇಬಲ್ಲಿಗೆ ಜಾಗವಾಗುವಂತಿರಲಿಲ್ಲ. 2016ರ ಸೆಪ್ಟೆಂಬರ್ ಹೊತ್ತಿಗೆ ಹಾಗೆ ಸರಿಸಿ ಸಿದ್ಧವಾಗಿದ್ದ ಕಂಬಗಳ ಸಂಖ್ಯೆ 33. ಇದು ಗೂಗಲ್ ತಾನೇ ಕೊಟ್ಟ ಲೆಕ್ಕ. ಜಗಳದಲ್ಲಿ ಒಂದು ಕಡೆಯವರ ಬಾಯಿಂದ ಬಂದದ್ದು ಎಂಬ ಎಚ್ಚರ ಓದುವವರಿಗೆ ಇರಬೇಕು. ಆದರೆ ಈ ಅಂಕಿಯನ್ನು ನೂರು ಪಟ್ಟು ಹಿಗ್ಗಿಸಿದರೂ ಆಗಬೇಕಿದ್ದ ಕೆಲಸದ ಹತ್ತರಲ್ಲೊಂದು ಪಾಲೂ ಆಗುವುದಿಲ್ಲ. ಜಗತ್ತಿನ ಅತಿ ಶ್ರೀಮಂತ ಕಂಪನಿಗಳಲ್ಲಿ ಒಂದು, ಕೈಯಲ್ಲಿ ದುಡ್ಡು ಹಿಡಿದುಕೊಂಡು, ಊರಿನವರೆಲ್ಲ ಬಾ ಬಾ ಎನ್ನುತ್ತಿದ್ದರೂ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಕಂಬದ ಬುಡದಲ್ಲಿ ಕಾದು ನಿಂತಿತ್ತು.

ಏಕೆ ಎಂದು ತಿಳಿಯಲು ಕಂಬವನ್ನೇ ಹತ್ತಿರದಿಂದ ನೋಡಬೇಕು. ಅಮೆರಿಕದ ಬಡಾವಣೆಗಳಲ್ಲಿ ಇಂದಿಗೂ ಮರದ ಕಂಬಗಳೇ ಹೆಚ್ಚು. ಅಲ್ಲಿನ ನಿಯಂತ್ರಕರು ಬಾಡಿಗೆ ಲೆಕ್ಕ ಹಾಕುವಾಗ ಕಂಬದ ಉದ್ದ 37.5 ಅಡಿ ಎಂದು ಹಿಡಿಯುತ್ತಾರೆ. ನೆಲದೊಳಗೆ ಹೂತ ಭಾಗ, ಜನ ಮತ್ತು ಲಾರಿ ಓಡಾಡಲು ಬಿಡಬೇಕಾದ ಎತ್ತರ, ಇವೆರಡನ್ನೂ ಕಳೆದರೆ ಬಳಕೆಗೆ ಉಳಿಯುವುದು 13.5 ಅಡಿ. ತುದಿಯಲ್ಲಿ ವಿದ್ಯುತ್ ತಂತಿ. ಅದರ ಕೆಳಗೆ 40 ಇಂಚು ಖಾಲಿ; ಅಲ್ಲಿ ಯಾರೂ ಕೇಬಲ್ ಕಟ್ಟುವಂತಿಲ್ಲ, ಏಕೆಂದರೆ ಟೆಲಿಫೋನ್ ಲೈನ್‌ಮನ್‌ನ ಜೀವ ಉಳಿಸುವುದೇ ಆ ಖಾಲಿ ಜಾಗ. ಅದಕ್ಕೂ ಕೆಳಗೆ ಕೇಬಲ್ ಟಿವಿಯವರದು, ಇನ್ನೊಬ್ಬರ ಫೈಬರ್, ಸಾಮಾನ್ಯವಾಗಿ ಎಲ್ಲಕ್ಕಿಂತ ಕೆಳಗೆ ಹಳೆಯ ಟೆಲಿಫೋನ್ ಕಂಪನಿಯ ದಪ್ಪ ಕೇಬಲ್. ಒಂದಕ್ಕೂ ಇನ್ನೊಂದಕ್ಕೂ ನಡುವೆ ಒಂದಡಿಯಷ್ಟು ಅಂತರ ಬೇಕು. ಹೊಸಬರು ಬಂದರೆ ಒಬ್ಬರ ಕೇಬಲ್ ಆರಿಂಚು ಮೇಲಕ್ಕೋ ಇನ್ನೊಬ್ಬರದು ಆರಿಂಚು ಕೆಳಕ್ಕೋ ಹೋಗಬೇಕಾಗುತ್ತದೆ. ಬೋಲ್ಟ್ ಸಡಿಲಿಸುವುದು, ಕಂಬಕ್ಕೆ ಹೊಸ ತೂತು ಕೊರೆಯುವುದು, ಬ್ರಾಕೆಟ್ಟನ್ನು ಅಲ್ಲಿಗೆ ಸಾಗಿಸಿ ಬಿಗಿಯುವುದು. ಹೆಚ್ಚಿನ ಕಂಬಗಳಲ್ಲಿ ಕೆಲಸ ಇಷ್ಟೇ. ಆದರೆ ಹಳೆಯ ಪದ್ಧತಿಯಲ್ಲಿ ಒಬ್ಬರ ಕೇಬಲ್ಲನ್ನು ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ಮೇಲಿನವರು ತಮ್ಮ ಆಳು, ತಮ್ಮ ಲಾರಿ ಕಳಿಸಿ ತಮ್ಮದನ್ನು ಸರಿಸಿಕೊಂಡು ಹೋಗಬೇಕು. ಅದು ಮುಗಿದ ಮೇಲೆ ಅದರ ಕೆಳಗಿನವರ ಲಾರಿ ಬರಬೇಕು. ಆಮೇಲೆ ಮೂರನೆಯವರದು. ಖರ್ಚೆಲ್ಲ ಹೊಸಬರದೇ. ಹೀಗೆ ಅರ್ಧ ದಿನದ ಕೆಲಸ ಕಂಪನಿಯಿಂದ ಕಂಪನಿಗೆ ದಾಟುತ್ತ ತಿಂಗಳುಗಟ್ಟಲೆ ಎಳೆಯುತ್ತಿತ್ತು.

ನಮ್ಮ ಹಳ್ಳಿಗಳಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ಸಾಗಹಾಕುತ್ತಿದ್ದರಲ್ಲ, ಈ ವ್ಯವಸ್ಥೆ ಹಳೆಯ ಕಂಪನಿಗಳಿಗೆ ಕೊಟ್ಟದ್ದು ಅದೇ ಅನುಕೂಲವನ್ನು. ಬರಬೇಡ ಎಂದು ಯಾರೂ ಹೇಳಬೇಕಿಲ್ಲ. ಹೇಳಿದರೆ ಕಾನೂನಿನ ಕೈಗೆ ಸಿಕ್ಕಿಬೀಳುತ್ತಾರೆ. ನಾಳೆ ಎಂದರೆ ಸಾಕು. ಇಂಟರ್ನೆಟ್ ಕಂಪನಿಗಳ ಪೈಪೋಟಿ ಎಂದರೆ ದರ, ವೇಗ, ಜಾಹೀರಾತು ಎಂದು ನಾವು ಅಂದುಕೊಳ್ಳುತ್ತೇವೆ. ಊರೆಲ್ಲರಿಗೂ ಸೇರಿದ ಕಂಬ, ಕೊಳವೆ, ರಸ್ತೆಯ ಮಟ್ಟಕ್ಕೆ ಇಳಿದು ನೋಡಿದರೆ ಅಲ್ಲಿ ನಡೆಯುವುದು ಸರದಿಯ ಜಗಳ. ಜಾಗ ಯಾರದು ಎಂಬ ಪ್ರಶ್ನೆಗೆ ಕಾನೂನು ಎಂದೋ ಉತ್ತರ ಕೊಟ್ಟಿದೆ. ಮುಂದೆ ಬಂದ ಪೈಪೋಟಿಗಾರನನ್ನು ಎಷ್ಟು ದಿನ ಕಾಯಿಸಬಹುದು, ಆ ಕಾಯಿಸುವ ಅಧಿಕಾರ ಯಾರ ಕೈಯಲ್ಲಿ ಇರಬೇಕು ಎಂಬುದಕ್ಕೆ ಮಾತ್ರ ಕೆಲಸಕ್ಕೆ ಬರುವ ಉತ್ತರ ಕೊಟ್ಟಿರಲಿಲ್ಲ. ಲಾಭ ನಷ್ಟ ನಿಂತಿದ್ದದ್ದು ಅದರ ಮೇಲೆಯೇ.

ಜಾಗದ ಪ್ರಶ್ನೆ ಇತ್ಯರ್ಥವಾದ ಬಗೆಯನ್ನು ಚಿಕ್ಕದಾಗಿ ಹೇಳಬಹುದು. ಕಂಬ ನೆಟ್ಟವರು ವಿದ್ಯುತ್ ಮತ್ತು ಟೆಲಿಫೋನ್ ಕಂಪನಿಗಳು. ಕೇಬಲ್ ಟಿವಿಯವರು ಬಂದಾಗ ಅವರಿಂದ ಮನಸ್ಸಿಗೆ ಬಂದಷ್ಟು ಬಾಡಿಗೆ ಕೇಳತೊಡಗಿದರು. 1978ರಲ್ಲಿ ಅಮೆರಿಕದ ಸಂಸತ್ತು ಬಾಡಿಗೆಗೆ ಮಿತಿ ಹಾಕಿ, ಉಸ್ತುವಾರಿಯನ್ನು ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್, ಅಂದರೆ ಎಫ್‌ಸಿಸಿಗೆ ವಹಿಸಿತು. 1996ರ ದೂರಸಂಪರ್ಕ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಭೇದವಿಲ್ಲದೆ ಎಲ್ಲರಿಗೂ ಜಾಗ ಕೊಡಲೇಬೇಕು ಎಂದಿತು. ಬಾಡಿಗೆಯ ತಕರಾರು 1987ರಲ್ಲಿ ಒಮ್ಮೆ, 2002ರಲ್ಲಿ ಇನ್ನೊಮ್ಮೆ ಸುಪ್ರೀಂ ಕೋರ್ಟಿಗೂ ಹೋಯಿತು. ಎರಡು ಸಲವೂ ಕೋರ್ಟು ಕಾನೂನಿನ ಪರವಾಗಿ ನಿಂತಿತು. 2011ರಲ್ಲಿ ಎಫ್‌ಸಿಸಿ ಗಡುವನ್ನೂ ಗೊತ್ತುಮಾಡಿತು: ಅರ್ಜಿಯ ಪರಿಶೀಲನೆಯಿಂದ ತಂತಿ ಸರಿಸುವವರೆಗೆ ಎಲ್ಲ ಸೇರಿ 148 ದಿನ, ದೊಡ್ಡ ಅರ್ಜಿಯಾದರೆ ಇನ್ನಷ್ಟು. ಕಾಗದದ ಮೇಲೆ ಎಲ್ಲವೂ ಸರಿಯಾಗಿತ್ತು. ಆದರೆ ಕೆಲಸ ಮಾಡಬೇಕಾದವರಿಗೆ ಆ ಕೆಲಸ ಮುಗಿಯುವುದೇ ಬೇಕಿಲ್ಲದಿದ್ದರೆ ಗಡುವಿನಿಂದ ಆಗುವುದು ಅಷ್ಟಕ್ಕಷ್ಟೇ.

ನ್ಯಾಶ್‌ವಿಲ್‌ನ ಕಂಬಗಳಲ್ಲಿ ಹೆಚ್ಚುಕಡಿಮೆ ಶೇಕಡ 80 ಅಲ್ಲಿನ ಸಾರ್ವಜನಿಕ ವಿದ್ಯುತ್ ಸಂಸ್ಥೆ ನ್ಯಾಶ್‌ವಿಲ್ ಎಲೆಕ್ಟ್ರಿಕ್ ಸರ್ವೀಸ್‌ನವು, ಉಳಿದವುಗಳಲ್ಲಿ ಬಹುಪಾಲು ಟೆಲಿಫೋನ್ ಕಂಪನಿ ಎಟಿ ಅಂಡ್ ಟಿಯವು. ಆದರೆ ಕಂಬ ಯಾರದೇ ಇರಲಿ, ಮೇಲಿನ ತಂತಿಗಳು ಎಟಿ ಅಂಡ್ ಟಿ ಮತ್ತು ಕೇಬಲ್ ಟಿವಿ ಕಂಪನಿ ಕಾಮ್‌ಕ್ಯಾಸ್ಟ್‌ಗಳವು. ಇವೆರಡೂ ಅದೇ ಹೊತ್ತಿನಲ್ಲಿ ಅದೇ ಊರಿನಲ್ಲಿ ತಮ್ಮ ಗಿಗಾಬಿಟ್ ಸೇವೆಗೆ ಗಿರಾಕಿಗಳನ್ನು ಹುಡುಕುತ್ತಿದ್ದವು. ಹೊಸಬನ ದಾರಿ ತೆರವು ಮಾಡಿಕೊಡಲು ತನ್ನ ಆಳನ್ನು ಕಳಿಸಬೇಕಾದವನೇ ಹೊಸಬ ಬರುವ ಮುನ್ನ ಗಿರಾಕಿಯನ್ನು ವರ್ಷಗಟ್ಟಲೆಯ ಕರಾರಿಗೆ ಕಟ್ಟಿಹಾಕಲು ಓಡಾಡುತ್ತಿರುವವನು ಎಂದ ಮೇಲೆ, ವಿಳಂಬಕ್ಕೆ ಒಳಸಂಚು ಹುಡುಕುವ ಅಗತ್ಯವೇ ಇಲ್ಲ. ಆಳುಗಳನ್ನು ಬೇರೆ ತುರ್ತು ಕೆಲಸಕ್ಕೆ ಹಾಕಿದರಾಯಿತು. ನಗರಸಭೆ ಇದಕ್ಕೆ ಕಂಡುಕೊಂಡ ಮದ್ದು ಸರಳವಾದದ್ದು. ಕಂಬದ ಒಡೆಯರು ಒಪ್ಪಿದ ಒಬ್ಬ ಗುತ್ತಿಗೆದಾರ ಒಂದೇ ಸಲ ಕಂಬ ಹತ್ತಿ ಎಲ್ಲರ ತಂತಿಗಳನ್ನೂ ಸರಿಸಿ ಇಳಿಯಲಿ, ಖರ್ಚು ಹೊಸಬರು ಕೊಡಲಿ, ಹಳಬರು ಬಂದು ತಪಾಸಣೆ ಮಾಡಿಕೊಳ್ಳಲಿ. ‘ಒನ್ ಟಚ್ ಮೇಕ್ ರೆಡಿ’ ಎಂದು ಇದಕ್ಕೆ ಹೆಸರು. 2016ರ ಸೆಪ್ಟೆಂಬರ್ 20ರಂದು ಸಭೆ ಇದನ್ನು ಅಂಗೀಕರಿಸಿತು, ಮರುದಿನ ಮೇಯರ್ ಮೇಗನ್ ಬ್ಯಾರಿ ಸಹಿ ಹಾಕಿದರು, ಅದರ ಮರುದಿನ ಎಟಿ ಅಂಡ್ ಟಿ ಕೋರ್ಟಿನಲ್ಲಿತ್ತು. ಅಕ್ಟೋಬರ್‌ನಲ್ಲಿ ಕಾಮ್‌ಕ್ಯಾಸ್ಟ್ ಕೂಡ ದಾವೆ ಹೂಡಿತು. ಬೇಕು ಎಂದಾಗ ಎಷ್ಟು ಚುರುಕಾಗಿ ಓಡಾಡಬಲ್ಲರು ಎಂಬುದು ಇಲ್ಲಿಯಾದರೂ ಕಾಣಿಸಿತು.

ಹಳಬರ ಆಕ್ಷೇಪಗಳನ್ನು ಬರೀ ನೆಪ ಎಂದು ತಳ್ಳಿಹಾಕುವುದು ಸರಿಯಲ್ಲ. ಮೊದಲನೆಯದು ಸುರಕ್ಷತೆ. ಒಂದೇ ಕೇಬಲ್ಲಿನಲ್ಲಿ ಆಸ್ಪತ್ರೆಯ ಲೈನೂ ಇರಬಹುದು, ತುರ್ತು ಕರೆಯ ಲೈನೂ ಇರಬಹುದು. ಅದು ಯಾವುದೆಂದು ಒಡೆಯನಿಗೆ ಗೊತ್ತು, ಹೊರಗಿನ ಗುತ್ತಿಗೆದಾರನಿಗೆ ಗೊತ್ತಿಲ್ಲ. ಲೈನ್ ಕಡಿದುಹೋದರೆ ಗಿರಾಕಿ ಬೈಯುವುದು ಗೂಗಲ್ಲನ್ನಲ್ಲ, ತನ್ನ ಕಂಪನಿಯನ್ನು. ಇದು ನ್ಯಾಯವಾದ ಭಯ. ಆದರೆ ಭಯಕ್ಕೆ ತಕ್ಕ ಪರಿಹಾರ ಮುಂಚಿತ ನೋಟಿಸು, ಅರ್ಹ ಗುತ್ತಿಗೆದಾರರ ಪಟ್ಟಿ, ಹಾಳಾದರೆ ಪರಿಹಾರ ತೆರುವ ಹೊಣೆ. ಕೆಲಸವನ್ನು ನಾನೇ ಮಾಡುತ್ತೇನೆ, ಯಾವಾಗ ಎಂದು ಹೇಳಲಾರೆ ಎನ್ನುವುದು ಸುರಕ್ಷತೆಯ ಲೆಕ್ಕಕ್ಕೆ ಬರುವುದಿಲ್ಲ. ಅಷ್ಟಕ್ಕೂ ಈ ಕಂಪನಿಗಳು ತಮ್ಮದೇ ಕೆಲಸವನ್ನು ಹೊರಗಿನ ಗುತ್ತಿಗೆದಾರರಿಂದ ಮಾಡಿಸದವೇನಲ್ಲ. ಒಂದು ಊರಿನಲ್ಲಿ ಕಂಬ ಹತ್ತಬಲ್ಲ ಕಸುಬುದಾರರು ಇರುವುದೇ ಇಷ್ಟು ಜನ. ಇವತ್ತು ಇವರ ಟೋಪಿ, ನಾಳೆ ಅವರ ಟೋಪಿ.

ಕಾರ್ಮಿಕರ ಪ್ರಶ್ನೆ ಇದಕ್ಕಿಂತ ತೂಕದ್ದು. ಎಟಿ ಅಂಡ್ ಟಿಯ ತಂತಿ ಕೆಲಸಗಾರರು ಕಮ್ಯುನಿಕೇಷನ್ಸ್ ವರ್ಕರ್ಸ್ ಆಫ್ ಅಮೆರಿಕ ಎಂಬ ಸಂಘದವರು. ತಮ್ಮ ಕೆಲಸವನ್ನು ಹೊರಗಿನವರಿಗೆ ಕೊಡದಂತೆ ಹೋರಾಡಿ ಕರಾರು ಮಾಡಿಸಿಕೊಂಡವರು. ಗೂಗಲ್ ತರುವ ಗುತ್ತಿಗೆದಾರನ ಬಳಿ ಅಂಥ ಸಂಘ ಇಲ್ಲದಿರಬಹುದು, ಸಂಬಳವೂ ಕಡಿಮೆ ಇರಬಹುದು. ದೊಡ್ಡ ಬಂಡವಾಳಗಳ ಜಗಳದಲ್ಲಿ ಕಂಬ ಹತ್ತುವವನ ಹೊಟ್ಟೆಯ ಮೇಲೆ ಹೊಡೆತ ಬೀಳಬಾರದು ಎಂಬುದು ಖಂಡಿತ ಒಪ್ಪತಕ್ಕ ಮಾತು. ಆದರೆ ಅದಕ್ಕೆ ದಾರಿ ಇದೆ: ಒಪ್ಪಿತ ಗುತ್ತಿಗೆದಾರರ ಪಟ್ಟಿಯಲ್ಲಿ ಸಂಘದ ಆಳುಗಳಿರಬೇಕು ಎಂದೇ ನಗರ ಷರತ್ತು ಹಾಕಬಹುದು. ಕಾರ್ಮಿಕರ ಕರಾರನ್ನು ಪೈಪೋಟಿಯ ಬಾಗಿಲಿಗೆ ಅಗುಳಿಯಾಗಿ ಬಳಸಿದರೆ ಲಾಭ ಸಿಗುವುದು ಕಾರ್ಮಿಕನಿಗಿಂತ ಹೆಚ್ಚಾಗಿ ಕಂಪನಿಗೆ. ಇನ್ನು ಆಸ್ತಿಯ ಹಕ್ಕಿನ ವಾದ. ನನ್ನ ತಂತಿಯನ್ನು ನನ್ನನ್ನು ಕೇಳದೆ ಮುಟ್ಟಲು ನೀನಾರು ಎಂದು ಕೇಳುವುದು ಸಹಜ. ಆದರೆ ಆ ತಂತಿ ಹಾದುಹೋಗುವುದು ಊರಿನ ರಸ್ತೆಯ ಅಂಚಿನಲ್ಲಿ. ಟೆಲಿಫೋನ್ ಕಂಪನಿ ಏಕಸ್ವಾಮ್ಯದಲ್ಲಿದ್ದ ಕಾಲದಲ್ಲಿ, ಎಲ್ಲರಿಗೂ ಸೇವೆ ಕೊಡುತ್ತೇನೆ ಎಂಬ ಮಾತಿನ ಮೇಲೆ ಸಾರ್ವಜನಿಕ ನೆಲದಲ್ಲಿ ಸಿಕ್ಕಿದ ಅವಕಾಶ ಅದು. ಅದನ್ನೇ ಈಗ ಖಾಸಗಿ ಹಿತ್ತಲು ಎನ್ನುವುದು ಕಿವಿಗೆ ಹಿತವಾಗಿ ಕೇಳುವುದಿಲ್ಲ.

ಗೂಗಲ್ಲೇನು ಧರ್ಮಛತ್ರ ನಡೆಸುತ್ತಿದೆಯೇ ಎಂದು ಕೇಳುವವರೂ ಇದ್ದಾರೆ. ಇಲ್ಲ. 2016ರ ಅಕ್ಟೋಬರ್‌ನಲ್ಲಿ ಕಂಪನಿ ಹಲವು ಊರುಗಳ ಯೋಜನೆಯನ್ನು ತಾನಾಗಿಯೇ ನಿಲ್ಲಿಸಿತು, ಫೈಬರ್ ವಿಭಾಗದ ಮುಖ್ಯಸ್ಥ ಕ್ರೇಗ್ ಬ್ಯಾರಟ್ ಹುದ್ದೆ ಬಿಟ್ಟರು. ನೆಲದ ಮೇಲೆ ಫೈಬರ್ ಎಳೆಯುವುದು ಅವರು ಎಣಿಸಿದ್ದಕ್ಕಿಂತ ದುಬಾರಿ ಕಸುಬಾಗಿತ್ತು; ಎಲ್ಲ ಸೋಲನ್ನೂ ಕಂಬದ ತಲೆಗೆ ಕಟ್ಟುವುದು ಸುಳ್ಳಾಗುತ್ತದೆ. ಆದರೆ ಈ ವಾದ ಹಳಬರ ಪರವಾಗಿ ಕೆಲಸ ಮಾಡುವುದಿಲ್ಲ. ಇಷ್ಟು ದುಡ್ಡು, ಇಷ್ಟು ವಕೀಲರು, ಇಷ್ಟು ಹೆಸರು ಇದ್ದ ಕಂಪನಿಗೇ ಕಾಯುವುದು ಕಷ್ಟವಾಯಿತು ಎಂದರೆ, ಒಂದು ಬಡಾವಣೆಗೆ ಸೇವೆ ಕೊಡಲು ಸಾಲ ಎತ್ತಿ ಬಂದ ಸಣ್ಣ ಕಂಪನಿಯ ಗತಿ ಏನು? ಅದು ಕೋರ್ಟಿಗೂ ಹೋಗುವುದಿಲ್ಲ, ಪತ್ರಿಕೆಗೂ ಬರುವುದಿಲ್ಲ. ಸಾಲದ ಬಡ್ಡಿ ಓಡುತ್ತಿರುತ್ತದೆ, ಕಂಬ ಸಿದ್ಧವಾಗುವುದರೊಳಗೆ ಅಂಗಡಿ ಮುಚ್ಚಿರುತ್ತದೆ. ಕಾಯಿಸುವುದರಿಂದ ಹೆಚ್ಚು ಪೆಟ್ಟು ಬೀಳುವುದು ಬಡವನಿಗೆ. ಆದ್ದರಿಂದಲೇ ಈ ಅಧಿಕಾರ ಯಾವ ಪೈಪೋಟಿಗಾರನ ಕೈಯಲ್ಲೂ ಇರಬಾರದು, ನಾಳೆ ಗೂಗಲ್ಲೇ ಹಳಬನಾದರೆ ಅದರ ಕೈಯಲ್ಲೂ.

ಕಂಬವೇ ಬೇಡ, ನೆಲದಡಿ ಹೋಗಿ ಎನ್ನುವವರಿಗೆ ಉತ್ತರ ಪಕ್ಕದ ಕೆಂಟಕಿ ರಾಜ್ಯದ ಲೂಯಿವಿಲ್ ನಗರದಲ್ಲಿದೆ. ನ್ಯಾಶ್‌ವಿಲ್ ನಿಂತಿರುವುದು ಸುಣ್ಣಕಲ್ಲಿನ ಮೇಲೆ. ಅಲ್ಲಿ ಅಗೆಯುವುದೆಂದರೆ ಬಂಡೆ ಕೊರೆಯುವುದು. ಲೂಯಿವಿಲ್‌ನಲ್ಲಿ ಗೂಗಲ್ ಒಂದು ಒಳದಾರಿ ಹುಡುಕಿತು. ಡಾಂಬರಿನಲ್ಲಿ ಎರಡೇ ಇಂಚು ಆಳದ ಸಣ್ಣ ಸೀಳು ಕೊರೆದು, ಅದರಲ್ಲಿ ಫೈಬರ್ ಮಲಗಿಸಿ, ಮೇಲೆ ರಬ್ಬರಿನಂಥ ಅಂಟು ತುಂಬಿದರು. ಕಂಬದ ಜಗಳವೇ ಇಲ್ಲ, ಕೆಲಸ ತಿಂಗಳುಗಳಲ್ಲಿ ಮುಗಿದು ಸೇವೆ ಶುರುವಾಯಿತು. ಸ್ವಲ್ಪ ಕಾಲಕ್ಕೆ ಆ ಅಂಟು ಎದ್ದು ಬಂದು ರಸ್ತೆಯ ಮೇಲೆ ಸುರುಳಿ ಸುತ್ತಿ ಬೀಳತೊಡಗಿತು, ಕೇಬಲ್ ಬಿಸಿಲಿಗೂ ಗಾಲಿಗೂ ಮೈ ಒಡ್ಡಿ ಮಲಗಿತು. 2019ರ ಫೆಬ್ರುವರಿಯಲ್ಲಿ ಗೂಗಲ್ ಊರು ಬಿಡುವುದಾಗಿ ಹೇಳಿತು, ಏಪ್ರಿಲ್ 15ಕ್ಕೆ ಸೇವೆ ನಿಂತಿತು, ಹಾಳಾದ ರಸ್ತೆಗಳನ್ನು ಸರಿಮಾಡಲು ನಗರಕ್ಕೆ 38 ಲಕ್ಷ 40 ಸಾವಿರ ಡಾಲರ್ ಕೊಡಲು ಒಪ್ಪಿತು. ವಿಪರ್ಯಾಸವೆಂದರೆ ಇಂಥದೇ ಕಂಬದ ಕಾನೂನು ಮಾಡಿದ್ದ ಲೂಯಿವಿಲ್ ಕೋರ್ಟಿನಲ್ಲಿ ಗೆದ್ದಿತ್ತು. 2016ರ ಫೆಬ್ರುವರಿಯಲ್ಲಿ ಎಟಿ ಅಂಡ್ ಟಿ ಹೂಡಿದ ದಾವೆಯನ್ನು ನ್ಯಾಯಾಧೀಶ ಡೇವಿಡ್ ಹೇಲ್ 2017ರ ಆಗಸ್ಟಿನಲ್ಲಿ ನಗರದ ಪರವಾಗಿ ತೀರ್ಮಾನಿಸಿದರು. ಅಷ್ಟರಲ್ಲಿ ಗೂಗಲ್ ಕಂಬದ ಆಸೆ ಬಿಟ್ಟು ಗರಗಸ ಹಿಡಿದಿತ್ತು. ದಾವೆ ಸೋತರೂ ಒಂದೂವರೆ ವರ್ಷ ದಕ್ಕಿತ್ತು. ಹಳಬರಿಗೆ ಬೇಕಾದದ್ದೂ ಅಷ್ಟೇ ಇರಬಹುದು.

ನ್ಯಾಶ್‌ವಿಲ್ ಸೋತದ್ದು ಹೇಗೆ ಎಂಬುದು ಇನ್ನೂ ಸ್ವಾರಸ್ಯದ ಕಥೆ. ಒಂದೇ ಬಗೆಯ ಕಾನೂನು, ಅದೇ ಫಿರ್ಯಾದಿ, ಎರಡು ಊರು, ಎರಡು ತೀರ್ಪು. ಕಂಬಗಳ ವಿಷಯವನ್ನು ತಾವೇ ನೋಡಿಕೊಳ್ಳುತ್ತೇವೆ ಎಂದು ಎಫ್‌ಸಿಸಿಯ ಹಿಡಿತದಿಂದ ಹೊರಬರಲು ರಾಜ್ಯಗಳಿಗೆ ಅವಕಾಶವಿದೆ. ಕೆಂಟಕಿ ಹೊರಬಂದಿತ್ತು, ಟೆನ್ನೆಸ್ಸೀ ಬಂದಿರಲಿಲ್ಲ. ಹೀಗಾಗಿ 2017ರ ನವೆಂಬರ್‌ನಲ್ಲಿ ನ್ಯಾಯಾಧೀಶೆ ವಿಕ್ಟೋರಿಯಾ ರಾಬರ್ಟ್ಸ್, ಎಟಿ ಅಂಡ್ ಟಿಯಂಥ ಖಾಸಗಿಯವರ ಕಂಬಗಳ ಮಟ್ಟಿಗೆ ಫೆಡರಲ್ ನಿಯಮವೇ ಮೇಲು, ನಗರದ ಕಾನೂನು ನಿಲ್ಲದು ಎಂದರು. ಸರಿ, ನಗರದ್ದೇ ಆದ ವಿದ್ಯುತ್ ಸಂಸ್ಥೆಯ ಕಂಬಗಳಾದರೂ ಉಳಿದವಲ್ಲ? ಅವುಗಳ ಆಡಳಿತ ನಗರದ ಸನದಿನ ಪ್ರಕಾರ ವಿದ್ಯುತ್ ಮಂಡಳಿಗೆ ಸೇರಿದ್ದು, ನಗರಸಭೆ ಅದರಲ್ಲಿ ಕೈ ಹಾಕುವಂತಿಲ್ಲ ಎಂಬ ಕಾರಣಕ್ಕೆ ಅವೂ ಕೈತಪ್ಪಿದವು. ಇದಕ್ಕೆ ಹಿಂದಿನ ವರ್ಷ ಅದೇ ರಾಜ್ಯದ ಚಟ್ಟನೂಗ ನಗರದ ವಿಷಯದಲ್ಲಿ ನಡೆದದ್ದು ನೇರ ತಿರುಗುಮುರುಗು. ಅಲ್ಲಿನ ಸಾರ್ವಜನಿಕ ವಿದ್ಯುತ್ ಸಂಸ್ಥೆ ಇಪಿಬಿ, ತನ್ನದೇ ಕಂಬಗಳ ಮೇಲೆ ತಾನೇ ಫೈಬರ್ ಎಳೆದು 2010ರಲ್ಲೇ ಊರಿಡೀ ಗಿಗಾಬಿಟ್ ಸೇವೆ ಕೊಟ್ಟಿತ್ತು. ಸ್ಮಾರ್ಟ್ ಗ್ರಿಡ್ ಹೆಸರಿನಲ್ಲಿ ಕೇಂದ್ರದಿಂದ ಸಿಕ್ಕ 11 ಕೋಟಿ ಡಾಲರಿಗೂ ಹೆಚ್ಚಿನ ನೆರವು ಅದರ ಬೆನ್ನಿಗಿತ್ತು ನಿಜ. ಆದರೆ ಕಂಬಕ್ಕಾಗಿ ಯಾರ ಮುಂದೆಯೂ ಕೈಕಟ್ಟಿ ನಿಲ್ಲಬೇಕಿರಲಿಲ್ಲ ಎಂಬುದೂ ಅಷ್ಟೇ ನಿಜ. ವಿದ್ಯುತ್ ಪೂರೈಸುವ ಎಲ್ಲೆಯಾಚೆ ಅದು ಇಂಟರ್ನೆಟ್ ಮಾರಬಾರದು ಎಂದು ರಾಜ್ಯದ ಕಾನೂನು. ಅದನ್ನು ಎಫ್‌ಸಿಸಿ 2015ರಲ್ಲಿ ಬದಿಗೆ ಸರಿಸಿದಾಗ, ರಾಜ್ಯ ತನ್ನ ಸ್ಥಳೀಯ ಸಂಸ್ಥೆಗಳಿಗೆ ಹಾಕಿದ ಎಲ್ಲೆಯನ್ನು ನೀವು ದಾಟಿಸುವಂತಿಲ್ಲ ಎಂದು ಮೇಲ್ಮನವಿ ನ್ಯಾಯಾಲಯ 2016ರ ಆಗಸ್ಟಿನಲ್ಲಿ ಹೇಳಿತು. ಒಂದು ಕಡೆ ನಗರ ಕೇಂದ್ರವನ್ನು ಮೀರಬಾರದು, ಇನ್ನೊಂದು ಕಡೆ ಕೇಂದ್ರ ರಾಜ್ಯವನ್ನು ಮೀರಬಾರದು. ಎರಡು ತೀರ್ಪುಗಳೂ ತಮ್ಮ ತಮ್ಮ ಮಟ್ಟಿಗೆ ತರ್ಕಬದ್ಧವೇ ಇರಬಹುದು, ಆದರೆ ಎರಡರಲ್ಲೂ ನೆಮ್ಮದಿಯ ಉಸಿರು ಬಿಟ್ಟವರು ಹಳೆಯ ಕಂಪನಿಗಳೇ.

ಕೊನೆಗೆ ನ್ಯಾಶ್‌ವಿಲ್‌ನ ವಾದ ಗೆದ್ದದ್ದು ನ್ಯಾಶ್‌ವಿಲ್ ಸೋತ ಮೇಲೆ. 2018ರ ಆಗಸ್ಟ್ 2ರಂದು ಎಫ್‌ಸಿಸಿ ತಾನೇ ಒನ್ ಟಚ್ ನಿಯಮವನ್ನು ತನ್ನ ಹಿಡಿತದಲ್ಲಿದ್ದ ರಾಜ್ಯಗಳಿಗೆಲ್ಲ ತಂದಿತು. ಆಗ ಅದರ ಅಧ್ಯಕ್ಷರು ಕೊಂಕಣಿ ಮನೆತನದ ಅಜಿತ್ ಪೈ. ಹಿಂದೊಮ್ಮೆ ವೆರೈಜನ್ ಕಂಪನಿಯ ವಕೀಲರಾಗಿದ್ದವರು, ನೆಟ್ ನ್ಯೂಟ್ರಾಲಿಟಿ ನಿಯಮಗಳನ್ನು ಕಿತ್ತುಹಾಕಿ ಬಳಕೆದಾರರ ಸಂಘಟನೆಗಳ ಸಿಟ್ಟಿಗೆ ಗುರಿಯಾದವರು. ಮಾರುಕಟ್ಟೆಯನ್ನು ಅದರ ಪಾಡಿಗೆ ಬಿಡಬೇಕು ಎನ್ನುವ ಪೈಕಿಯ ಅವರಿಗೂ ಕಂಬದ ಸರದಿಯನ್ನು ಹಳಬರ ಕೈಯಲ್ಲಿ ಬಿಡುವುದು ಸರಿಕಾಣಲಿಲ್ಲ ಎಂಬುದು ಗಮನಿಸತಕ್ಕದ್ದು. ಹೊಸ ನಿಯಮದ ಪ್ರಕಾರ ಸರಳ ಕೆಲಸಗಳಿಗೆ ಹೊಸಬರು 15 ದಿನ ಮುಂಚೆ ನೋಟಿಸು ಕೊಟ್ಟು ತಾವೇ ಮಾಡಿಸಬಹುದು. ಹಳಬರು ಬೇಕಿದ್ದರೆ ಪಕ್ಕದಲ್ಲಿ ನಿಂತು ನೋಡಬಹುದು. ಮುಗಿದ ಮೇಲೆ ತಪಾಸಣೆಗೆ ಅವರಿಗೆ 90 ದಿನ ಕಾಲಾವಕಾಶ. ಲೈನ್ ಕಡಿಯುವ ಅಪಾಯವಿರುವ ಜಟಿಲ ಕೆಲಸ, ವಿದ್ಯುತ್ ತಂತಿಯ ಹತ್ತಿರದ ಕೆಲಸ ಇದರಲ್ಲಿ ಸೇರಿಲ್ಲ. ಅಂದರೆ ಸುರಕ್ಷತೆಯ ಆಕ್ಷೇಪದಲ್ಲಿದ್ದ ಹುರುಳನ್ನು ಇಟ್ಟುಕೊಂಡು, ಅದರ ಬೆನ್ನಿಗೆ ಅಂಟಿಕೊಂಡಿದ್ದ ಕಾಯಿಸುವ ಅಧಿಕಾರವನ್ನು ಕಿತ್ತುಹಾಕಿದ್ದಾರೆ. ಆದರೆ 1978ರ ಕಾನೂನು ಸರ್ಕಾರಿ ಮತ್ತು ಸಹಕಾರಿ ಸಂಸ್ಥೆಗಳ ಕಂಬಗಳನ್ನು ಮೊದಲಿನಿಂದಲೇ ಹೊರಗಿಟ್ಟಿದೆ. ಆದ್ದರಿಂದ ಈ ಜಗಳವನ್ನು ಮನೆಮಾತು ಮಾಡಿದ ನ್ಯಾಶ್‌ವಿಲ್‌ನಲ್ಲೇ, ಐದರಲ್ಲಿ ನಾಲ್ಕು ಕಂಬಗಳಿಗೆ ದೇಶದ ಹೊಸ ನಿಯಮ ಅನ್ವಯಿಸುವುದಿಲ್ಲ.

ಬೆಂಗಳೂರಿನವರಿಗೆ ಇದೆಲ್ಲ ಬೇರೊಂದು ಲೋಕದ ತಕರಾರು ಎನ್ನಿಸಬಹುದು, ಏಕೆಂದರೆ ಇಲ್ಲಿ ಕಂಬ ಹತ್ತಲು ಯಾರೂ ಯಾರನ್ನೂ ಕಾಯುವುದಿಲ್ಲ. ಮರದಿಂದ ಮರಕ್ಕೆ, ಬೆಸ್ಕಾಂ ಕಂಬದಿಂದ ಕಂಬಕ್ಕೆ ಜೋತುಬಿದ್ದ ಕಪ್ಪು ಕೇಬಲ್ಲುಗಳಲ್ಲಿ ಯಾವುದು ಯಾರದೆಂದು ಹೇಳುವುದು ಕಷ್ಟ. ಬೆಸ್ಕಾಂ, ಪಾಲಿಕೆ ಆಗಾಗ ಬಂದು ಅನಧಿಕೃತವಾದವನ್ನು ಕತ್ತರಿಸಿ ಹೋಗುತ್ತವೆ, ಕೆಲವೇ ದಿನಗಳಲ್ಲಿ ಅಲ್ಲೇ ಹೊಸದು ತೂಗುತ್ತದೆ. ಸರದಿಯೇ ಇಲ್ಲದ ಕಡೆ ಗೆಲ್ಲುವವರು ಯಾರು? ಆ ಬೀದಿಯಲ್ಲಿ ಕೈ ಬಲವಿದ್ದವರು. ಅಪಾರ್ಟ್‌ಮೆಂಟಿನ ಸಂಘದೊಡನೆ ಒಂದೇ ಕಂಪನಿ ಮಾತಾಡಿಕೊಂಡು ಉಳಿದವರ ಕೇಬಲ್ಲಿಗೆ ಗೇಟು ಹಾಕಿಸುವುದೂ ಇದೇ ಜಾತಿಯದು. ಇನ್ನು ಕ್ರಮಬದ್ಧವಾಗಿ ಹೋಗುವವರನ್ನು ಇಲ್ಲಿ ಕಾಯಿಸುವುದು ಪೈಪೋಟಿಗಾರನಲ್ಲ, ಸರ್ಕಾರಿ ಕಚೇರಿ. ನಮ್ಮ ಕೇಂದ್ರ ಸರ್ಕಾರದ 2016ರ ಮಾರ್ಗಾಧಿಕಾರ (ರೈಟ್ ಆಫ್ ವೇ) ನಿಯಮಗಳು ಅದಕ್ಕೆ 60 ದಿನದ ಗಡುವು ಹಾಕಿ, ಅಷ್ಟರಲ್ಲಿ ಉತ್ತರ ಬಾರದಿದ್ದರೆ ಅನುಮತಿ ಸಿಕ್ಕಂತೆಯೇ ಎಂದವು. ಅವುಗಳ ಜಾಗಕ್ಕೆ ಬಂದ ಹೊಸ ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ.

ನ್ಯಾಶ್‌ವಿಲ್‌ನ ಪಾಠ ನಮಗೆ ನಿಜವಾಗಿ ತಾಗುವುದು ಇನ್ನು ಮುಂದೆ. ಬೆಂಗಳೂರಿನ ಟೆಂಡರ್‌ಶ್ಯೂರ್ ಯೋಜನೆಯ ರಸ್ತೆಗಳಲ್ಲಿ ಕೇಬಲ್ಲುಗಳಿಗೆಂದೇ ನೆಲದಡಿ ಕೊಳವೆಗಳಿವೆ. ನಮ್ಮ 2023ರ ದೂರಸಂಪರ್ಕ ಕಾಯ್ದೆ ಇಂಥ ಸಾಮಾನ್ಯ ಕೊಳವೆ, ಕೇಬಲ್ ಹಾದಿಗಳನ್ನು ಎಲ್ಲ ಕಂಪನಿಗಳಿಗೂ ತೆರೆದಿಡಬೇಕೆಂಬ ಆಶಯ ಇಟ್ಟುಕೊಂಡಿದೆ. ತೆರೆದಿಡುತ್ತೇವೆ ಎಂಬ ಮಾತನ್ನು ಅಮೆರಿಕ 1996ರಲ್ಲೇ ಕಾನೂನಿನಲ್ಲಿ ಬರೆದಿತ್ತು. ಇಪ್ಪತ್ತು ವರ್ಷಗಳ ನಂತರ 33 ಕಂಬ ಸಿದ್ಧವಾಗಿದ್ದವು. ಆದ್ದರಿಂದ ಪಾಲಿಕೆ ಕೊಳವೆಯನ್ನು ಯಾವುದೋ ಒಂದು ಕಂಪನಿಗೆ ನಿರ್ವಹಣೆಗೆಂದು ವಹಿಸುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಬಾಡಿಗೆಯವಲ್ಲ. ಛೇಂಬರಿನ ಮುಚ್ಚಳದ ಕೀಲಿ ಯಾರ ಬಳಿ ಇರುತ್ತದೆ, ಆ ಕಂಪನಿ ತಾನೂ ಇಂಟರ್ನೆಟ್ ಮಾರುವುದೇ, ಇನ್ನೊಬ್ಬರು ಅರ್ಜಿ ಹಾಕಿದ ಎಷ್ಟನೆಯ ದಿನಕ್ಕೆ ಮುಚ್ಚಳ ತೆಗೆಯಬೇಕು, ತೆಗೆಯದಿದ್ದರೆ ಅರ್ಜಿದಾರ ತನ್ನ ಆಳನ್ನೇ ಇಳಿಸಬಹುದೇ, ಇಳಿದವನ ಕೈಯಿಂದ ಪಕ್ಕದ ಫೈಬರ್ ತುಂಡಾದರೆ ಯಾರು ಎಷ್ಟು ಕೊಡಬೇಕು. ಟೆಂಡರ್ ಕಾಗದದಲ್ಲಿ ಈ ಐದಕ್ಕೂ ಉತ್ತರ ಇದೆಯೇ ಎಂದು ನೋಡಲು ಕಾರ್ಪೊರೇಟರಿಗಾಗಲಿ ಬಡಾವಣೆಯ ನಿವಾಸಿಗಳ ಸಂಘಕ್ಕಾಗಲಿ ತಂತ್ರಜ್ಞಾನದ ಪಾಂಡಿತ್ಯ ಬೇಕಿಲ್ಲ.